ಡಬ್ಬಿಯ ಮೇಲಿನ ಹೊಸ ಹೆಸರು

ಹೆದ್ದಾರಿ ಇನ್ನೂ ಎರಡೇ ಗಾಡಿ ಅಗಲವಿದ್ದ ಕಾಲ ಅದು. ಅಂಕೋಲೆಯಲ್ಲಿ ಅದರ ಬದಿಗೇ ಅಪ್ಪನ ಗ್ಯಾರೇಜು. ಗ್ರೀಸು, ಬ್ರೇಕ್ ಆಯಿಲ್ ವಾಸನೆಯ ನಡುವೆ ನನ್ನ ಆಟದ ಸಾಮಾನೆಂದರೆ ಬಿಡಿಭಾಗ ಬಂದ ಖಾಲಿ ರಟ್ಟಿನ ಡಬ್ಬಿಗಳು. ಕೆಂಪು ಒಂದು ಕಂಪನಿಯದು, ಹಳದಿ ಇನ್ನೊಂದರದು, ಹಸಿರು ಮತ್ತೊಂದರದು. ನಾನು ಆರನೇ ತರಗತಿಯಲ್ಲಿದ್ದ ವರ್ಷ ಹಳದಿ ನಿಂತಿತು, ಆಮೇಲೆ ಹಸಿರು, ಕೆಂಪು. ಎಲ್ಲವೂ ನೀಲಿ ಡಬ್ಬಿಯಲ್ಲೇ ಬರತೊಡಗಿದವು.

"ದೊಡ್ಡ ಕಂಪನಿ ಸಣ್ಣವನ್ನೆಲ್ಲ ಕೊಂಡದೆ. ಮಾಲು ಅದೇ, ಹೆಸ್ರು ಮಾತ್ರ ಬೇರೆ," ಎಂದ ಕಾರವಾರದಿಂದ ಸಾಮಾನು ತರುವ ಏಜೆಂಟ.

ಅಪ್ಪ ನಕ್ಕ. "ನಮ್ಮನೆ ಹೊಸ ಸೊಸೆ ಹಾಂಗೆ ಅನ್ನು!"

ಹೊಸ ಸೊಸೆ ಎಂದರೆ ಚಿಕ್ಕಪ್ಪನ ಹೆಂಡತಿ, ಬೊಬ್ರುವಾಡದ ಮಂಗಲಕ್ಕ. ಮದುವೆಗೆ ಮೊದಲೇ ನನಗೆ ಕವಡೆ ಆಡಲು ಕಲಿಸಿದವಳು. ಮದುವೆಯಲ್ಲಿ ಪದ್ಧತಿಯಂತೆ ಚಿಕ್ಕಪ್ಪ ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದಿದ್ದ: ರಾಧಿಕಾ. ನಾನು ಮಂಗಲಕ್ಕ ಎಂದರೆ ಅಜ್ಜಿ ಗದರುತ್ತಿದ್ದಳು. "ತವರ್ಮನೆ ಹೆಸ್ರು ಇಲ್ಲಿ ಬ್ಯಾಡ. ಚಿಕ್ಕಮ್ಮ ಅನ್ನು." ಅವಳಿಗೋ ಹೊಸ ಹೆಸರು ಕಿವಿಗೇ ಹತ್ತುತ್ತಿರಲಿಲ್ಲ. ಎಷ್ಟೋ ಸಲ ಕರೆದ ಮೇಲೆ, "ಅಯ್ಯೋ, ನಾನೇ ಅಲ್ದಾ!" ಎಂದು ಓಡಿ ಬರುತ್ತಿದ್ದಳು.

ಆ ಬೇಸಿಗೆಯಲ್ಲಿ ಚಿಕ್ಕಪ್ಪನ ಹಳೆಯ ಕಾರಿಗೆ ಅಪ್ಪ ನೀಲಿ ಡಬ್ಬಿಯ ಬ್ರೇಕ್ ಕಿಟ್ ಹಾಕಿದ. ಮರುದಿನ ಚಿಕ್ಕಪ್ಪ, ಚಿಕ್ಕಮ್ಮ, ನಾನು ಮೂವರೂ ಯಲ್ಲಾಪುರದ ನೆಂಟರ ಮನೆಗೆ ಹೊರಟೆವು. ರಾಮನಗುಳಿಯ ಏರಿನಲ್ಲಿ ಕಾರು ನಿಲ್ಲಿಸಿ ಬನ್ಸ್ ತಿಂದು ಚಾ ಕುಡಿದೆವು. ಹ್ಯಾಂಡ್‌ಬ್ರೇಕ್ ಮೊದಲೇ ಕೆಟ್ಟಿದ್ದರಿಂದ ಹಿಂದಿನ ಗಾಲಿಗೆ ಕಲ್ಲು ಕೊಟ್ಟಿದ್ದರು. ಹೊರಡುವಾಗ ಚಿಕ್ಕಪ್ಪ ಬ್ರೇಕ್ ತುಳಿದು ಕೂತ. ಚಿಕ್ಕಮ್ಮ ಕಲ್ಲು ತೆಗೆದು ಎಸೆದು, ಕಾರಿಗೆ ಬೆನ್ನು ಹಾಕಿ ಅದರ ಹಿಂದೆಯೇ ನಿಂತು, ಕೈ ಕೊಡವುತ್ತ ಹೊಳೆ ನೋಡತೊಡಗಿದಳು. ನಾನಿನ್ನೂ ಚಾ ಅಂಗಡಿಯ ಕಟ್ಟೆಯ ಮೇಲಿದ್ದೆ.

ಕಾರು ಹಿಂದಕ್ಕೆ ಸರಿಯಿತು.

"ರಾಧಿಕಾ! ಏ ರಾಧಿಕಾ!" ಚಿಕ್ಕಪ್ಪ ಕೂಗುತ್ತಿದ್ದ. ಅದಿರಿನ ಲಾರಿಯೊಂದು ಗದ್ದಲವೆಬ್ಬಿಸುತ್ತ ಹಾಯುತ್ತಿತ್ತು. ಯಾರು ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಅವಳು ನಿಂತೇ ಇದ್ದಳು.

"ಮಂಗಲಕ್ಕಾ!" ನಾನು ಕಿರುಚಿದೆ.

ಗಕ್ಕನೆ ತಿರುಗಿದಳು. ಬದಿಗೆ ಹಾರಿದಳು. ಸೆರಗು ಬಂಪರಿಗೆ ಸಿಕ್ಕಿ ಹರಿಯಿತು. ಕಾರು ಹಿಂದಿದ್ದ ಮಾವಿನ ಮರಕ್ಕೆ ಗುದ್ದಿ ನಿಂತಿತು.

ಅಪ್ಪ ಬ್ರೇಕ್ ಬಿಚ್ಚಿ ನೋಡಿದ. ಹೊಸ ಕಿಟ್ಟಿನ ರಬ್ಬರ್ ವಾಶರ್ ಹಳೆಯದಕ್ಕಿಂತ ಕೂದಲೆಳೆಯಷ್ಟು ಸಣ್ಣದು, ಹೊಸ ಕಾರುಗಳ ಅಳತೆಯದು. ಆಯಿಲ್ ಸೋರಿಹೋಗಿತ್ತು. ಹಳೆಯ ಅಳತೆಯದನ್ನು ಮಾಡುವುದನ್ನೇ ದೊಡ್ಡ ಕಂಪನಿ ನಿಲ್ಲಿಸಿಬಿಟ್ಟಿತ್ತಂತೆ. "ಹೆಸ್ರು ಬೇರೆ ಆದಾಗ್ಲೇ ಅಳ್ತೆ ನೋಡ್ಬೇಕಿತ್ತು," ಎಂದ ಅಪ್ಪ. ಆ ಸಂಜೆ ಅಜ್ಜಿ ಮೆಲ್ಲಗೆ ಕರೆದಳು: "ಮಂಗಲಾ, ಊಟಕ್ಕೆ ಬಾರೇ." ಅದೊಂದೇ ಸಲ.

ಈಗಲೂ ಇಳಿಜಾರಿನಲ್ಲಿ ನಿಂತ ಕಾರಿನ ಹಿಂದೆ ನಾನು ಹಾಯುವುದಿಲ್ಲ. ಅಜ್ಜಿಯ ಮಾತು ಕೇಳಿ 'ಚಿಕ್ಕಮ್ಮ' ಎಂದೇ ಕೂಗಿದ್ದರೆ?

ಗ್ಯಾರೇಜಿದ್ದ ಜಾಗ ಅಗಲವಾದ ಹೆದ್ದಾರಿಯ ಅಡಿಗೆ ಹೋಯಿತು. ಬಣ್ಣದ ಡಬ್ಬಿಗಳೂ ಇಲ್ಲ. ಮೊನ್ನೆ ಕಾರವಾರದ ಪೇಟೆಯಲ್ಲಿ ಚಿಕ್ಕಮ್ಮ ಮುಂದೆ ಹೋಗುತ್ತಿರುವುದು ಕಂಡು, "ಮಂಗಲಕ್ಕಾ!" ಎಂದೆ. ನಡೆಯುತ್ತಲೇ ಇದ್ದಳು. ಮತ್ತೆ ಕೂಗಿದೆ. ಅಂದು ಏರಿನಲ್ಲಿ ನಿಂತವಳಂತೆ ತಿರುಗಲೇ ಇಲ್ಲ. ಕೊನೆಗೆ, "ರಾಧಿಕಾ ಚಿಕ್ಕಮ್ಮಾ!"

ತಟ್ಟನೆ ತಿರುಗಿ ನಕ್ಕಳು. ನನ್ನ ಮುಖ ನೋಡಿ ನಗು ನಿಂತಿತು.

"ಎಂತದೇ ತಂಗೀ, ಹೀಂಗೆ ಬೆವರ್ತಿದ್ದೆ?"