ಅತ್ತೆಯ ರಿಮೋಟಿನ ಸೆಲ್ಲು

ಅಪ್ಪನ ಅಕ್ಕ, ಎಂದರೆ ನನ್ನ ಸೋದರತ್ತೆ, ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ರಾಯಬಾಗದ ಕಡೆಯ ನಮ್ಮ ಹಳ್ಳಿಯಲ್ಲಿ ಹೈಸ್ಕೂಲು ಇಲ್ಲದ್ದರಿಂದ ಅಪ್ಪ ನನ್ನನ್ನು ಅವಳ ಮನೆಯಲ್ಲಿ ಬಿಟ್ಟು ಹೋದ. ಅವಳ ಗಂಡ ಬೇಗನೆ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಎರಡು ಖೋಲಿಯ ಮನೆ, ಮುಂದೊಂದು ಕಟ್ಟೆ. ಓಣಿಯ ಐದಾರು ಹೆಂಗಸರು ಮನೆಗೆಲಸ ಮುಗಿಸಿ ಅದೇ ಕಟ್ಟೆಗೆ ಬಂದು ಕೂರುತ್ತಿದ್ದರು. ಎಲ್ಲರ ತೊಡೆಯ ಮೇಲೂ ತಂಬಾಕು ಹರವಿದ ಮೊರ, ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ. ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತಿತ್ತು. ಅತ್ತೆ ಮಾತಾಡುವಾಗ ಎದುರಿನವರ ಮುಖ ನೋಡುತ್ತಿದ್ದಳೇ ಹೊರತು ಕೈ ನೋಡುತ್ತಿರಲಿಲ್ಲ. ಕೈ ತಾನಾಗಿ ಎಲೆ ಎತ್ತಿ, ತಂಬಾಕು ಹಾಕಿ, ಸುರುಳಿ ಸುತ್ತಿ, ದಾರ ಬಿಗಿದು ಮುಂದಿನ ಎಲೆಗೆ ಹೋಗಿರುತ್ತಿತ್ತು.

ಒಂಬತ್ತನೆಯ ತರಗತಿಯಲ್ಲಿ ಚೆನ್ನಾಗಿ ಪಾಸಾದೆನೆಂದು ಅಪ್ಪ ಪೇಟೆಯಿಂದ ಟಿ.ವಿ.ಗೆ ಜೋಡಿಸುವ ವಿಡಿಯೊ ಗೇಮ್ ತಂದುಕೊಟ್ಟ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಓಣಿಯಲ್ಲಿ ನಾಲ್ಕಾರು ಮನೆಗಳಲ್ಲಿ ಅದು ಬಂದಿತ್ತು. ಡಬ್ಬಿಯಿಂದ ಎರಡು ವಾಯರು, ವಾಯರಿನ ತುದಿಗೆ ಗುಂಡಿಗಳಿದ್ದ ಎರಡು ಹಿಡಿಕೆ. ನಾವು ಅವನ್ನು ರಿಮೋಟು ಎಂದೇ ಕರೆಯುತ್ತಿದ್ದೆವು. ಜೊತೆಗೆ ಆಡಲು ಯಾರೂ ಇಲ್ಲದ ಒಂದು ಭಾನುವಾರ ಅತ್ತೆಯ ಕೈಗೆ ಎರಡನೆಯ ರಿಮೋಟು ಕೊಟ್ಟೆ. ಮೇಲಿನಿಂದ ಬಗೆಬಗೆಯ ಆಕಾರದ ಇಟ್ಟಿಗೆಗಳು ಬೀಳುವ ಆಟ. ಸಂದು ಬಿಡದಂತೆ ಜೋಡಿಸಿದರೆ ಸಾಲು ಕರಗುತ್ತದೆ. ಸಂದು ಬಿಟ್ಟರೆ ರಾಶಿ ಏರಿ ಆಟ ಮುಗಿಯುತ್ತದೆ.

ಎರಡು ದಿನ ಅತ್ತೆ ಸೋತಳು. ಮೂರನೆಯ ದಿನದಿಂದ ನಾನು ಸೋತೆ.

ಹೇಗೆಂದು ಕೇಳಿದರೆ, "ಎಲಿ ಕತ್ತರಿಸಿದಂಗ ಲೇ. ಒಂದ ಎಲಿಯಾಗ ಎಷ್ಟ ಕೂಡ್ತಾವು ಅಂತ ನೋಡಬೇಕ, ಒಂದ ಚೂರೂ ವಾಯಾ ಹೋಗಬಾರದು," ಎಂದಳು.

ಆ ರಿಮೋಟುಗಳ ವಾಯರು ಮೋಟಾಗಿತ್ತು. ಟಿ.ವಿ.ಯಿಂದ ಎರಡು ಮೊಳ ದೂರದಲ್ಲಿ, ಭುಜಕ್ಕೆ ಭುಜ ತಾಗಿಸಿ, ಕತ್ತೆತ್ತಿ ಕೂರಬೇಕು. ಅತ್ತೆಯ ಮೊಣಕಾಲು ನೋಯುತ್ತಿತ್ತು. ಒಮ್ಮೆ ಚಹಾ ತರುವಾಗ ಅವಳ ಕಾಲಿಗೆ ವಾಯರು ಸಿಕ್ಕು, ಗೇಮಿನ ಡಬ್ಬಿ ನೆಲಕ್ಕೆ ಬಿದ್ದು ಮೂಲೆ ಒಡೆಯಿತು. ವಾಯರು ಬುಡದಲ್ಲಿ ಹರಿದಾಗ ನಾನು ಪಟ್ಟಿ ಸುತ್ತುತ್ತಿದ್ದೆ, ಅದು ಮತ್ತೆ ಹರಿಯುತ್ತಿತ್ತು. ಆದರೆ ಎಲ್ಲಿ ಹರಿದಿದೆ ಎಂಬುದು ಇಬ್ಬರ ಕಣ್ಣಿಗೂ ಕಾಣುತ್ತಿತ್ತು. ಅತ್ತೆಯ ಗುಂಡಿ ಕೆಲಸ ಮಾಡದಿದ್ದರೆ ಅವಳು ವಾಯರು ಎತ್ತಿ ತೋರಿಸಿ, "ಇದ ನೋಡ, ಬಿಟ್ಟೈತಿ," ಎನ್ನುತ್ತಿದ್ದಳು. ಆ ಆಟವನ್ನು ಬಿಟ್ಟು ಮೊದಲಿನಿಂದ ಆಡುತ್ತಿದ್ದೆವು.

ಕಾಲೇಜು ಮುಗಿದು ನನಗೆ ಚಿಕ್ಕೋಡಿಯ ಒಂದು ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅತ್ತೆಯ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕೆಲ ವರ್ಷಗಳಲ್ಲಿ ಮದುವೆಯೂ ಆಯಿತು. ಹೆಂಡತಿ ಕಾಗವಾಡದವಳು, ದ್ರಾಕ್ಷಿ ತೋಟ ಇದ್ದ ಮನೆಯ ಹುಡುಗಿ. ಬೀಡಿ ಕಟ್ಟುವ ಕಟ್ಟೆ ಇರುವ ಮನೆಗೆ ಮಗಳನ್ನು ಕೊಟ್ಟೆವಲ್ಲ ಎಂದು ಅವಳ ಮನೆಯವರು ಒಂದೆರಡು ಸಲ ಮಾತಿನಲ್ಲಿ ಚುಚ್ಚಿದ್ದರು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಹಚ್ಚಿಕೊಂಡಿದ್ದು ನಾನು.

ಆ ವರ್ಷ ಕೊಲ್ಹಾಪುರಕ್ಕೆ ಹೋದಾಗ ವಾಯರಿಲ್ಲದ ರಿಮೋಟಿನ ಹೊಸ ಗೇಮ್ ತಂದೆ. ಅತ್ತೆಗೆ ಬಹಳ ಖುಷಿಯಾಯಿತು. ಗೋಡೆಗೆ ಬೆನ್ನು ಆನಿಸಿ, ಕಾಲು ಚಾಚಿ, ಖೋಲಿಯ ಆ ತುದಿಯಿಂದ ಆಡಬಹುದು. "ಗಾಳ್ಯಾಗ ಹೋಗಿ ಮುಟ್ಟತೈತೇನ ಇದು?" ಎಂದು ರಿಮೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆ ಹೊತ್ತಿಗೆ ನಾನು ಒಳ್ಳೆಯದನ್ನೇ ಮಾಡಿದೆ ಎಂದುಕೊಂಡಿದ್ದೆ.

ಆ ರಿಮೋಟುಗಳು ಸೆಲ್ಲು ತಿನ್ನುತ್ತಿದ್ದವು. ಇನ್ನೊಂದು ದೋಷವೆಂದರೆ, ಸೆಲ್ಲು ಸೋಲುತ್ತ ಬಂದಾಗ ಅವು ಪೂರ್ತಿ ನಿಲ್ಲುತ್ತಿರಲಿಲ್ಲ. ನಾಲ್ಕು ಸಲ ಒತ್ತಿದರೆ ಮೂರು ಸಲ ಮುಟ್ಟುತ್ತಿತ್ತು, ಒಂದು ಸಲ ಇಲ್ಲ. ಅಥವಾ ತುಸು ತಡವಾಗಿ ಮುಟ್ಟುತ್ತಿತ್ತು. ಆಡುವವರಿಗೆ ತಮ್ಮ ಬೆರಳೇ ತಪ್ಪಿತು ಅನಿಸುತ್ತಿತ್ತು.

ಮೊದಲ ಸಲ ಅದು ತಾನಾಗಿ ಆಯಿತು. ಹೆಂಡತಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಅತ್ತೆ ಒಂದರ ಹಿಂದೊಂದು ಮೂರು ಆಟ ಸೋತಳು. ಹೆಂಡತಿ ನನ್ನ ಕಡೆ ತಿರುಗಿ, "ಅಡ್ಡಿ ಇಲ್ಲ, ನಿಮಗೂ ಬರತೈತಿ," ಎಂದು ನಕ್ಕಳು. ಮದುವೆಯಾದಾಗಿನಿಂದ ಅತ್ತೆಯೆದುರು ನಾನು ಸೋಲುವುದನ್ನೇ ಅವಳು ನೋಡಿದ್ದಳು. ಆಮೇಲೆ ರಿಮೋಟು ತೆಗೆದಿಡುವಾಗ ಅತ್ತೆಯದರ ಸೆಲ್ಲು ಸೋತದ್ದು ನನಗೆ ತಿಳಿಯಿತು. ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಮರುವಾರ ಹೊಸ ಸೆಲ್ಲು ತಂದೆ. ನನ್ನ ರಿಮೋಟಿಗೆ ಹಾಕಿದೆ. ಗೋಡೆಯ ಗಡಿಯಾರದಿಂದ ತೆಗೆದಿಟ್ಟ ಹಳೆಯ ಸೆಲ್ಲೊಂದನ್ನು, ಇನ್ನೊಂದು ಅಂಥದೇ ಸೆಲ್ಲಿನ ಜೊತೆ ಅತ್ತೆಯದಕ್ಕೆ ಹಾಕಿದೆ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ತಿರುಗಿ ನೋಡಲೂ ಇಲ್ಲ. ಬರೆಯಲು ನಾಚಿಕೆಯಾಗುವುದು ಈ ಮಾತಿಗೇ. ಆ ಮಳೆಗಾಲವೆಲ್ಲ ಹಾಗೇ ಮಾಡಿದೆ. ಅತ್ತೆ ಒತ್ತುತ್ತಿದ್ದಳು, ಇಟ್ಟಿಗೆ ತಿರುಗುತ್ತಿರಲಿಲ್ಲ. ಬೆರಳು ಎತ್ತಿ ನೋಡಿ ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಿದ್ದಳು. ಎತ್ತಿ ತೋರಿಸಲು ಅಲ್ಲಿ ವಾಯರು ಇರಲಿಲ್ಲ.

ಒಂದು ದಿನ ಅವಳು ರಿಮೋಟು ಕೆಳಗಿಟ್ಟು, "ನಮ್ಮ ಅವ್ವಗೂ ಇದ ವಯಸ್ಸಿಗೆ ಕೈ ಹೋಗಿದ್ದು," ಎಂದಳು.

"ಹಂಗೇನ ಇಲ್ಲ ಅತ್ತಿ," ಎಂದೆ. ಅಷ್ಟೇ ಹೇಳಿದೆ.

ಅದೇ ತಿಂಗಳು ಬೀಡಿ ಕಾರ್ಖಾನೆಯಲ್ಲಿ ಅವಳ ಎರಡು ಕಟ್ಟು ಸಡಿಲಾಗಿವೆ ಎಂದು ವಾಪಸು ಎಸೆದರು. ಮಳೆಯ ತೇವಕ್ಕೆ ಎಲೆ ಮೆತ್ತಗಾಗಿ ಓಣಿಯ ಬೇರೆ ಹೆಂಗಸರದೂ ವಾಪಸು ಬಂದಿದ್ದವು. ಉಳಿದವರು ಮಳೆಯನ್ನು ಬೈದುಕೊಂಡರು. ಅತ್ತೆ ಮಾತ್ರ ತನ್ನ ಕೈಯನ್ನು ನೋಡಿಕೊಂಡಳು. ಆಮೇಲೆ ನಾನು ಕಂಡದ್ದೆಂದರೆ, ಎಂದೂ ಕೈ ನೋಡದವಳು ಈಗ ಬೀಡಿ ಕಟ್ಟುವಾಗ ಬೆರಳನ್ನೇ ದಿಟ್ಟಿಸುತ್ತಿದ್ದಳು. ನೋಡಿದಷ್ಟೂ ಬೆರಳು ತಡವರಿಸುತ್ತಿತ್ತು.

ಕೊಕಟನೂರಿನ ಎಲ್ಲಮ್ಮನಿಗೆ ಹೋಗಬೇಕು, ಕರೆದುಕೊಂಡು ಹೋಗು ಎಂದಳು. ಒಂದು ರಜೆಯ ದಿನ ಅಥಣಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮುಟ್ಟಿದೆವು. ಗುಡಿಯಲ್ಲಿ ಜನ ಕಡಿಮೆ ಇದ್ದರು. ಅತ್ತೆ ಎರಡೂ ಅಂಗೈಗೆ ಅರಿಶಿನದ ಭಂಡಾರ ಹಚ್ಚಿಕೊಂಡು, ಕೈಗಳನ್ನು ದೇವಿಯ ಕಡೆ ಚಾಚಿ ಬಹಳ ಹೊತ್ತು ನಿಂತಳು. ನಾನು ಪಕ್ಕದಲ್ಲಿ ತೆಂಗಿನಕಾಯಿ ಹಿಡಿದು ನಿಂತಿದ್ದೆ. ಹೇಳಿಬಿಡು ಎಂದು ಒಳಗೆ ಅನಿಸಿತು. ಪೂಜಾರಿ ಕಾಯಿ ಇಸಿದುಕೊಂಡ, ಒಡೆದ, ಅರ್ಧ ಹೋಳು ನನ್ನ ಕೈಗೆ ಕೊಟ್ಟ. ತಿರುಗಿ ಬರುವಾಗ ಬಸ್ಸಿನ ಸರಳಿಗೆ ಹಳದಿ ಹತ್ತಬಾರದೆಂದು ಅವಳು ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡಿದ್ದಳು.

ದಸರೆಯ ಹೊತ್ತಿಗೆ ಅವಳು ಕಾರ್ಖಾನೆಗೆ ಹೋಗಿ ತನ್ನ ಕೆಲಸದ ಕಾರ್ಡು ವಾಪಸು ಕೊಟ್ಟು ಬಂದಳು. "ಸಾಕ ಮಾಡಿದೆ," ಎಂದಳು. ನಾನು ತಡೆಯಲಿಲ್ಲ. ತಂಬಾಕಿನ ಧೂಳಿಗೆ ಅವಳಿಗೆ ಕೆಮ್ಮು ಇತ್ತು, ಮನೆ ನಡೆಯಲು ನನ್ನ ಪಗಾರ ಸಾಲುತ್ತಿತ್ತು, ಕಾಗವಾಡದವರ ಬಾಯಿಯೂ ಮುಚ್ಚುತ್ತಿತ್ತು. ಆದದ್ದೆಲ್ಲ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟೂ ಅದು ನಿಜವೇ ಅನಿಸುತ್ತ ಹೋಯಿತು. ಕಟ್ಟೆಯ ಹೆಂಗಸರು ಕೆಲ ದಿನ ಬಂದರು. ಅತ್ತೆ ಒಳಗೇ ಇರತೊಡಗಿದಾಗ ಎದುರುಮನೆಯ ಕಟ್ಟೆಗೆ ಹೋದರು. ಗೇಮ್ ಕಪಾಟಿನ ಮೇಲೆ ಸೇರಿತು. ಆಡುವವರು ಯಾರೂ ಇರಲಿಲ್ಲ.

ಎರಡು ವರ್ಷದ ನಂತರ ನಮಗೆ ಮಗಳು ಹುಟ್ಟಿದಳು. ಕಾಗವಾಡದಲ್ಲಿ ಬಾಣಂತನ ಮುಗಿಸಿ ಹೆಂಡತಿ ಐದು ತಿಂಗಳ ಕೂಸನ್ನು ಕರೆದುಕೊಂಡು ಬಂದಳು. ಓಣಿಯ ಎಷ್ಟೋ ಕೂಸುಗಳನ್ನು ಕಾಲಮೇಲೆ ಮಲಗಿಸಿಕೊಂಡು ನೀರೆರೆದವಳು ನಮ್ಮತ್ತೆ. ನಮ್ಮ ಕೂಸನ್ನು ಮಾತ್ರ ಅವಳು ಎತ್ತಿಕೊಳ್ಳಲಿಲ್ಲ. ಹಾಸಿಗೆಯ ಮೇಲೆ ಮಲಗಿಸಿದಾಗ ಪಕ್ಕದಲ್ಲಿ ಕೂತು ಮಾತಾಡಿಸುತ್ತಿದ್ದಳು, ಅಷ್ಟೇ. ಎರೆಯಲು ಕರೆದರೆ ಏನಾದರೂ ಕೆಲಸ ಹೇಳಿ ಹೊರಗೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಹೆಂಡತಿ ಕಣ್ಣೀರು ಹಾಕಿದಳು. "ಹೆಣ್ಣ ಆತಂತ ಅತ್ತಿಗೆ ಮನಸ್ಸಿಲ್ಲ, ಹೌದಲ್ರಿ? ಕೂಸಿನ ಮೈ ಮುಟ್ಟವಲ್ಲರು."

ಇನ್ನು ಬಾಯಿ ಮುಚ್ಚಿಕೊಂಡಿರುವುದು ಸಾಧ್ಯವಿರಲಿಲ್ಲ. ತನ್ನ ಕೈಯಿಂದ ಕೂಸು ಜಾರೀತೆಂದು ಅತ್ತೆ ಹೆದರಿದ್ದಾಳೆ ಎಂದು, ಸೆಲ್ಲಿನ ವಿಷಯವನ್ನೂ ಸೇರಿಸಿ, ಅವಳಿಗೆ ಎಲ್ಲ ಹೇಳಿದೆ. ಅವಳು ಕಣ್ಣೊರೆಸಿಕೊಂಡಳು.

"ನಾ ನೋಡಾಕತ್ತೀನಿ ಅಂತ ಹಂಗ ಮಾಡಿದ್ರ್ಯಾ?"

"ಹೂಂ."

"ಇವತ್ತ ಹೇಳ್ರಿ ಅವರಿಗೆ. ನೀವ ಹೇಳಲಿಲ್ಲಂದ್ರ ನಾ ಹೇಳ್ತೀನಿ."

ಅತ್ತೆ ಹಿಂದಿನ ಬಾಗಿಲಲ್ಲಿ ಕೂತು ಮೆಂತ್ಯೆಪಲ್ಲೆ ಸೋಸುತ್ತಿದ್ದಳು. ಎದುರು ಕೂತು, "ಅತ್ತಿ, ನಿನ್ನ ಕೈಗೆ ಏನೂ ಆಗಿದ್ದಿಲ್ಲ. ಗೇಮಿನ್ಯಾಗ ನೀ ಸೋತಿದ್ದ ನನ್ನಿಂದ. ನಿನ್ನ ರಿಮೋಟಿಗೆ ಸೋತ ಸೆಲ್ಲ ಹಾಕ್ತಿದ್ದೆ," ಎಂದೆ.

ಅವಳು ಸೋಸುವುದನ್ನು ನಿಲ್ಲಿಸಲಿಲ್ಲ. "ಕೂಸಿಗೆ ಎರೀಲಿ ಅಂತ ಸುಳ್ಳ ಹೇಳಾಕತ್ತಿ."

"ಇಲ್ಲ ಅತ್ತಿ, ಖರೇ."

ಒಳಗಿನಿಂದ ಹೆಂಡತಿಯೂ, "ಖರೇ ಐತ್ರಿ ಅತ್ತಿ," ಎಂದಳು.

ಕಪಾಟಿನ ಮೇಲಿಂದ ಗೇಮ್ ಇಳಿಸಿ ಧೂಳು ಒರೆಸಿ ಹಚ್ಚಿದೆ. ಅಂಗಡಿಗೆ ಓಡಿ ಹೊಸ ಸೆಲ್ಲು ತಂದೆ. ಮೊದಲು ಮನೆಯಲ್ಲಿದ್ದ ಸೋತ ಸೆಲ್ಲು ಹಾಕಿಕೊಟ್ಟೆ. ಅತ್ತೆ ಒತ್ತಿದಳು, ಇಟ್ಟಿಗೆ ಒಮ್ಮೆ ಸರಿಯಿತು, ಎರಡು ಸಲ ಸರಿಯಲಿಲ್ಲ. ಆಮೇಲೆ ಹೊಸವು ಹಾಕಿದೆ. ಒತ್ತಿದ್ದೆಲ್ಲ ಮುಟ್ಟಿತು. ಅವಳು ಆಟ ಆಡಲಿಲ್ಲ, ಬೀಳುವ ಇಟ್ಟಿಗೆಯನ್ನು ಸುಮ್ಮನೆ ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ ಸರಿಸಿದಳು. ಅದು ಕೆಳಗೆ ಬಿತ್ತು. ಇನ್ನೊಂದನ್ನೂ ಹಾಗೇ ಮಾಡಿದಳು. ಆಮೇಲೆ ನಿಜವಾಗಿ ಆಡಲು ನೋಡಿದಳು. ಎರಡು ವರ್ಷಕ್ಕೂ ಹೆಚ್ಚು ಸುಮ್ಮನಿದ್ದ ಬೆರಳು ಮೊದಲಿನ ಹಾಗೆ ಓಡಲಿಲ್ಲ, ಬೇಗನೆ ರಾಶಿ ಏರಿ ಆಟ ಮುಗಿಯಿತು. ಅವಳು ರಿಮೋಟು ನೆಲಕ್ಕಿಟ್ಟಳು.

"ಎಷ್ಟ ದಿನ ಹಾಕಿದಿ?"

"ಆ ಮಳಿಗಾಲ ಪೂರ್ತಿ."

"ಕೊಕಟನೂರಿಗೆ ಹೋದಾಗ ನಿನಗ ಗೊತ್ತಿತ್ತ?"

"ಗೊತ್ತಿತ್ತು."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಕಾಲು ಹಿಡಿಯಲು ನನಗೂ ಒಂದು ದಾರಿ ಸಿಗುತ್ತಿತ್ತು. ಅವಳು ಎದ್ದು, ಸೋಸಿದ ಪಲ್ಲೆಯನ್ನು ಒಳಗೆ ಒಯ್ದಿಟ್ಟು, ಒಲೆಯ ಮುಂದೆ ಕೂತಳು. ಆ ದಿನ ನನ್ನೊಂದಿಗೆ ಮಾತಾಡಲಿಲ್ಲ. ಮುಂದೆಯೂ ಹಲವು ದಿನ, ನನಗೆ ಹೇಳಬೇಕಾದ್ದನ್ನು ಹೆಂಡತಿಗೇ ಹೇಳುತ್ತಿದ್ದಳು. "ಅವಗ ಊಟಕ್ಕ ನೀಡು," "ಅವ ಬಸ್ಸಿಗೆ ಹೊತ್ತ ಮಾಡ್ಕೊಂಡಾನ." ನಾನು ಎದುರಿಗೇ ಇರುತ್ತಿದ್ದೆ.

ಆದರೆ ನಾನು ಹೇಳಿದ ಮರುದಿನ ಬೆಳಿಗ್ಗೆಯೇ ಅವಳು ತಾನಾಗಿ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಸೀರೆ ಮೊಣಕಾಲಿಗೆ ಏರಿಸಿ, "ಕೊಡ ಇಲ್ಲೆ ಕೂಸನ್ನ," ಎಂದು ಹೆಂಡತಿಗೆ ಹೇಳಿದಳು. ಮೊದಲ ತಂಬಿಗೆ ನೀರಿಗೆ ಅವಳ ಕೈ ನಡುಗಿದ್ದು ನನಗೆ ಬಾಗಿಲಿನಿಂದ ಕಂಡಿತು. ಕೂಸು ಅತ್ತಿತು. ಅವಳು ಅದರ ಕತ್ತಿನ ಹಿಂದೆ ಅಂಗೈ ಕೊಟ್ಟು ಹಿಡಿದು ಎರಡನೆಯ ತಂಬಿಗೆ ಹಾಕಿದಳು. ಆಮೇಲೆ ನಡುಗಲಿಲ್ಲ. ಬಿಸಿನೀರಿನ ಬಕೆಟ್ಟು ತಂದಿಟ್ಟೆ; ಅವಳು ನನ್ನ ಕಡೆ ನೋಡದೆ ಅದನ್ನು ಹತ್ತಿರ ಎಳೆದುಕೊಂಡಳು.

ಕಾರ್ಡು ಮಾತ್ರ ತಿರುಗಿ ಸಿಗಲಿಲ್ಲ. ನಾನು ಕಾರ್ಖಾನೆಗೆ ಎರಡು ಸಲ ಹೋಗಿ ಕೇಳಿದೆ. ಒಮ್ಮೆ ಬಿಟ್ಟವರನ್ನು, ಅದೂ ಆ ವಯಸ್ಸಿನಲ್ಲಿ, ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂದರು. ಬಂದು ಹೇಳಿದಾಗ ಅತ್ತೆ, "ನಿನಗ ಹೋಗಂತ ಯಾರ ಹೇಳಿದ್ರು?" ಎಂದಳು. ಅಷ್ಟು ದಿನಗಳ ನಂತರ ನನಗೇ ಎಂದು ಆಡಿದ ಮೊದಲ ಮಾತು ಅದು.

ಕ್ರಮೇಣ ಅವಳು ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಎದುರುಮನೆಯ ಕಟ್ಟೆಗೆ ಹೋಗಿ ಕೂರತೊಡಗಿದಳು. ಹೆಂಗಸರು ಬೀಡಿ ಕಟ್ಟುತ್ತಿದ್ದರೆ ಇವಳು ಅವರಿಗೆ ಎಲೆ ಕತ್ತರಿಸಿ ಕೊಡುತ್ತಿದ್ದಳು. ಒಂದು ಶನಿವಾರ ಮಧ್ಯಾಹ್ನ ನಾನು ಚಿಕ್ಕೋಡಿಯಿಂದ ಬೇಗ ಬಂದು ಓಣಿಯೊಳಗೆ ಕಾಲಿಡುವಾಗ, ಅಲ್ಲಿಗೆ ಹೊಸದಾಗಿ ಬಂದಿದ್ದ ಒಬ್ಬ ಸೊಸೆ ಕೇಳುತ್ತಿದ್ದಳು: "ಇಷ್ಟ ಚಲೋ ಕತ್ತರಸ್ತೀರಿ, ಮತ್ತ ಬೀಡಿ ಯಾಕ ಬಿಟ್ರಿ ಮಾವಶಿ?"

ಅತ್ತೆ ನನ್ನನ್ನು ನೋಡಿದಳು. ನಾನು ನಿಂತೆ. ಅವಳು ಕತ್ತರಿ ನಿಲ್ಲಿಸದೆ ಹೇಳಿದಳು: "ವಯಸ್ಸಾತಲ್ಲವಾ. ಕೈ ಸೋತುವು."

ಉಳಿದ ಹೆಂಗಸರು ಹೌದೆಂದು ತಲೆಯಾಡಿಸಿದರು. ಅವಳು ಹೇಳಿದ್ದು ನಿಜವಲ್ಲ ಎಂದು ಅವಳನ್ನು ಬಿಟ್ಟರೆ ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ಚಪ್ಪಲಿ ಬಿಟ್ಟು ಮನೆಯೊಳಗೆ ಹೋದೆ.