ಮಗ್ಗುಲಾಗಿ ಮಲಗಿದ ಜ್ವಾಲಾಮುಖಿ

ಆ ಶನಿವಾರ ಬೆಳಿಗ್ಗೆ ಯೂನಿಯನ್ ಸಿಟಿಯಿಂದ ಹೊರಟ ನಮ್ಮ ಹಳೆಯ ಸ್ಟೇಷನ್ ವ್ಯಾಗನ್ನಿನಲ್ಲಿ ನಾಲ್ಕು ಜನ ಇದ್ದೆವು. ಸ್ಟಿಯರಿಂಗ್ ಹಿಡಿದವಳು ನಾನು. ಪಕ್ಕದಲ್ಲಿ ಕೋಟು, ಕರಿ ಟೊಪ್ಪಿಗೆ ಹಾಕಿಕೊಂಡು, ಸೀಟ್ ಬೆಲ್ಟನ್ನು ಜನಿವಾರದ ಹಾಗೆ ಎಡಕ್ಕೂ ಬಲಕ್ಕೂ ಸರಿಮಾಡಿಕೊಳ್ಳುತ್ತ ಕೂತವರು ನನ್ನ ಮಾವ. ಧಾರವಾಡದ ಹತ್ತಿರದ ಹೈಸ್ಕೂಲೊಂದರಲ್ಲಿ ಮೂವತ್ತೈದು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ತೊಡೆಯ ಮೇಲೆ ಬುತ್ತಿಯ ಡಬ್ಬಿ, ಪಕ್ಕದಲ್ಲಿ ಎಂಟು ವರ್ಷದ ನನ್ನ ಮಗಳು. ನನ್ನ ಗಂಡ ಬರಲಿಲ್ಲ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಅವರು ಬೆಳೆಸುತ್ತಿದ್ದ ಜೀವಕೋಶಗಳಿಗೆ ಶನಿವಾರ, ಭಾನುವಾರ ಗೊತ್ತಾಗುತ್ತಿರಲಿಲ್ಲ. ಹೊತ್ತು ಹೊತ್ತಿಗೆ ಉಣಿಸಬೇಕಿತ್ತು. ಎಮ್ಮೆ ಕಟ್ಟಿದವರಿಗೆ ಮದುವೆಮನೆಯೂ ಇಲ್ಲ, ಜಾತ್ರೆಯೂ ಇಲ್ಲ ಎಂದು ನನ್ನನ್ನು ಸಾಕಿದ ಅಜ್ಜಿ ಅನ್ನುತ್ತಿದ್ದಳು. ಲ್ಯಾಬು ಕಟ್ಟಿಕೊಂಡವರದೂ ಅದೇ ಪಾಡು.

ನಾವು ಹೊರಟದ್ದು ಜ್ವಾಲಾಮುಖಿ ನೋಡಲು. ಹಾಗೆ ಹೇಳಿದರೆ ಈಗಲೂ ಜನ ನಗುತ್ತಾರೆ. ಆದರೆ ಮಾವನ ಮಟ್ಟಿಗೆ ಅದು ನಗುವ ವಿಷಯವಾಗಿರಲಿಲ್ಲ.

ಆ ವಾರ, ಒಂದು ಸಂಜೆ ಅತ್ತೆ ಒಳಗೆ ದೇವರಿಗೆ ದೀಪ ಹಚ್ಚುತ್ತಿದ್ದಾಗ, ಮಾವ ಚಹಾದ ಬಟ್ಟಲು ಕೆಳಗಿಟ್ಟು ನನಗೊಂದು ಸಂಗತಿ ಹೇಳಿದರು. ಅವರು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಇನ್ನೂ ಮದುವೆಯಾಗಿರಲಿಲ್ಲ. ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಜ್ವಾಲಾಮುಖಿಯನ್ನು ನಡುವೆ ಸೀಳಿದ ಹಾಗೆ ಬರೆದು, ಒಂದೊಂದು ಪದರಕ್ಕೂ ಅಂಕಿ ಹಾಕಿ ವಿವರಿಸುತ್ತಿದ್ದರಂತೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ, ನೀವು ಇದನ್ನ ನೋಡೀರೇನ್ರಿ?" ಎಂದು ಕೇಳಿದ.

"ನೋಡೀನಿ ಅಂದುಬಿಟ್ಟೆ. ಯಾಕ ಅಂದೆ ಅಂತ ಇವತ್ತಿಗೂ ತಿಳಿವಲ್ದು ನೋಡವಾ. ಬಾಯಿಂದ ಹೊಂಟುಹೋತು."

ಹೊರಟ ಮಾತು ಅಲ್ಲಿಗೇ ನಿಲ್ಲಲಿಲ್ಲ. ಎಲ್ಲಿ ಎಂದು ಹುಡುಗರು ಕೇಳಿದರೆ, ಹಡಗಿನಲ್ಲಿ ಹೋಗಿದ್ದೆ ಎಂದರು ಮಾವ. ಹೇಗಿತ್ತು ಎಂದು ಕೇಳಿದರೆ, ತುದಿಯಲ್ಲಿ ನಿಂತು ಬಾಯೊಳಗೆ ಇಣುಕಿದೆ, ಬೂಟಿನ ತಳ ಸುಟ್ಟುಹೋಯಿತು ಎಂದರು. ಮೇಲಿನ ಕ್ಲಾಸಿನವರು ಕೆಳಗಿನವರಿಗೆ ಹೇಳಿ ಹೇಳಿ, ಪ್ರತಿ ವರ್ಷ ಆ ಪಾಠ ಬಂದ ದಿನ ಹುಡುಗರು ಬೂಟಿನ ಕತೆಗೆ ಕಾದು ಕೂರುತ್ತಿದ್ದರು. ಊರಲ್ಲಿ ಅವರಿಗೆ ಜ್ವಾಲಾಮುಖಿ ಮಾಸ್ತರ ಎಂದೇ ಹೆಸರಾಯಿತು. ಈಗ ಆ ಶಾಲೆಗೆ ಅವರ ಹಳೆಯ ಶಿಷ್ಯನೇ ಹೆಡ್‌ಮಾಸ್ತರ. ಊರಿಗೆ ಬಂದ ಕೂಡಲೇ ಶಾಲೆಗೆ ಬಂದು ಈಗಿನ ಮಕ್ಕಳಿಗೂ ಆ ಅನುಭವ ಹೇಳಬೇಕು ಎಂದು ಆತ ಕಾಗದ ಬರೆದಿದ್ದ. ಬರುವ ಬುಧವಾರವೇ ಅತ್ತೆ ಮಾವ ಊರಿಗೆ ಮರಳುವ ವಿಮಾನ.

"ಇಷ್ಟು ವರ್ಷದ ಸುಳ್ಳು. ಹೋಗೂದರೊಳಗ ಒಂದನ್ನ ಕಣ್ಣಾರೆ ನೋಡಿದ್ರ ಅರ್ಧಾನರ ಖರೆ ಆಗ್ತದ. ನಿಮ್ಮತ್ತಿಗೆ ಹೇಳಬ್ಯಾಡ ಮತ್ತ. ಆಕಿಗೂ ನಾ ಇದನ್ನ ಹೇಳೀನಿ."

ಹೆಂಡತಿಗೂ ಬೂಟಿನ ಕತೆ ಹೇಳಿದ್ದರು! ಮೊಮ್ಮಗಳಿಗಂತೂ ಇಲ್ಲಿಗೆ ಬಂದಮೇಲೆ ಹತ್ತು ಸಲವಾದರೂ ಆಗಿತ್ತು.

ಮರುದಿನ ಊಟಕ್ಕೆ ಕೂತಾಗ, "ಈ ಕಡೆ ಎಲ್ಲಾದ್ರೂ ಜ್ವಾಲಾಮುಖಿ ಇದ್ಯೇನ್ರೀ?" ಎಂದು ನಾನು ಗಂಡನನ್ನು ಕೇಳಿದೆ. ಅವರು ಬಾಯಿ ತೆರೆಯುವುದರೊಳಗೆ ಮಗಳು, "ಓಕ್ಲೆಂಡ್ ಹಿಲ್ಸ್! ವಿ ವೆಂಟ್ ವಿತ್ ಮೈ ಕ್ಲಾಸ್!" ಎಂದಳು. ಮಾವನ ಕೈಯಲ್ಲಿದ್ದ ಚಪಾತಿ ಅಲ್ಲೇ ನಿಂತಿತು. ಅತ್ತೆ ಮಾತ್ರ, "ಬೆಂಕಿ ನೋಡಲಿಕ್ಕೆ ನಾ ಯಾಕ ಬರ್ಲಿ? ದಿನಾ ಒಲಿ ಮುಂದ ನಿಂತಾಕಿ ನಾನು. ನನಗ ನೀರು ತೋರಸ್ರಿ" ಎಂದರು. ಹಾಗಾಗಿ ಬೆಳಿಗ್ಗೆ ಮಾವನಿಗೆ ಗುಡ್ಡ, ಮಧ್ಯಾಹ್ನ ಅತ್ತೆಗೆ ಕೆರೆ ಎಂದು ತೀರ್ಮಾನವಾಯಿತು.

ಕಾರು ನಿಲ್ಲಿಸಿ ಇಳಿದರೆ ಸೆಪ್ಟೆಂಬರಿನ ಒಣ ಹುಲ್ಲು ಗುಡ್ಡದ ತುಂಬ ಚಿನ್ನದ ಬಣ್ಣಕ್ಕೆ ತಿರುಗಿತ್ತು. ದಾರಿ ಶುರುವಾಗುವಲ್ಲಿ ಮರದ ಪೆಟ್ಟಿಗೆ, ಅದರೊಳಗೆ ಮಡಿಚಿಟ್ಟ ನಕ್ಷೆಗಳು. ದಾರಿಯುದ್ದಕ್ಕೂ ಅಂಕಿ ಬರೆದ ಗೂಟಗಳಿರುತ್ತವೆ, ಯಾವ ಅಂಕಿಯ ಹತ್ತಿರ ಏನು ನೋಡಬೇಕೆಂದು ಈ ಕಾಗದದಲ್ಲಿದೆ ಎಂದು ಮಗಳು ವಿವರಿಸಿದಳು. ಮಾವನಿಗೆ ಇದು ಬಹಳ ಹಿಡಿಸಿತು. "ಜ್ವಾಲಾಮುಖಿಗೆ ಅಂಕಿ ಹಾಕ್ಯಾರ! ನಾನೂ ಹಂಗಽ ಹಾಕತಿದ್ದೆ."

ಅತ್ತೆ ದಾರಿಬದಿಯ ಮರದ ಎಲೆಯೊಂದನ್ನು ಕಿತ್ತು ಹಿಸುಕಿ ಮೂಗಿಗೆ ಹಿಡಿದು ಮೂರು ಸಲ ಸೀನಿದರು. ನಾವು ಪಲಾವಿಗೆ ಹಾಕುವ ಎಲೆಯದೇ ವಾಸನೆ, ಆದರೆ ನಾಲ್ಕು ಪಟ್ಟು ಜೋರು. "ಒಂದು ಎಲಿ ಹಾಕಿದ್ರ ಮದುವಿ ಮನಿ ಪಲಾವು ಆಗ್ತದ" ಎಂದು ಕಣ್ಣೊರೆಸಿಕೊಂಡರು. ಮಾವ ಏನನ್ನೂ ನೋಡದೆ ಮುಂದೆ ಮುಂದೆ ನಡೆದರು. ಅವರ ಕಣ್ಣು ತುದಿಯ ಮೇಲೆಯೇ ಇತ್ತು. ಹೊಗೆ ಇರದು ಎಂದು ಗೊತ್ತಿತ್ತು, ಬಾಯಾದರೂ ಇರಬೇಕಲ್ಲ.

ತುದಿ ಸಿಕ್ಕಿತು. ಬಾಯಿ ಸಿಗಲಿಲ್ಲ. ಅಲ್ಲಿ ಮರಗಳಿದ್ದವು. ಕೆಳಗಿನ ಇಳಿಜಾರಿನಲ್ಲಿ ಕರಿ ಹಸುವೊಂದು ಮೇಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತ ನಿಂತಿತ್ತು.

"ಬಾಯಿ ಎಲ್ಲೆ ಅದನವಾ?" ಎಂದು ಮಾವ ಮೊಮ್ಮಗಳನ್ನು ಕೇಳಿದರು.

"ಅಜ್ಜ, ಇಟ್ಸ್ ಲೈಯಿಂಗ್ ಡೌನ್" ಎಂದಳು ಅವಳು, ಕೆನ್ನೆಯ ಕೆಳಗೆ ಕೈಯಿಟ್ಟು ಮಲಗಿದಂತೆ ಮಾಡಿ.

ನಾನು ಕಾಗದ ಓದಿ ಹೇಳಿದೆ. ಜ್ವಾಲಾಮುಖಿ ಕೋಟಿ ವರ್ಷದಷ್ಟು ಹಳೆಯದು. ಆರಿದ ಮೇಲೆ ಭೂಮಿ ಅದನ್ನು ಮಡಿಸಿ, ಒತ್ತಿ, ಪಕ್ಕಕ್ಕೆ ಉರುಳಿಸಿದೆ. ಈಗ ಅದು ಮಗ್ಗುಲಾಗಿ ಮಲಗಿದೆ. ರಸ್ತೆಗೆ ಜಲ್ಲಿ ಬೇಕೆಂದು ಯಾರೋ ಒಂದು ಕಾಲದಲ್ಲಿ ಇದರ ಹೊಟ್ಟೆಯನ್ನೇ ಅಗೆದಿದ್ದಾರೆ.

ಮಾವ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಇಷ್ಟು ದೂರ ಬಂದು ಮಲಗಿದ್ದನ್ನ ನೋಡೂ ಹಂಗಾತು" ಎಂದು ಅತ್ತೆ ಚುಚ್ಚಿದರು. "ನೀವು ನೋಡಿದ್ದು ನಿಂತಿತ್ತಲ್ರಿ?"

ಮಾವ ಟೊಪ್ಪಿಗೆಯನ್ನು ತೊಡೆಯ ಮೇಲೆ ತಿರುಗಿಸುತ್ತ ಕೂತರು. ಬಾಯಿಯೇ ಇಲ್ಲದ ಜ್ವಾಲಾಮುಖಿ ತೋರಿಸಿ ಅವರ ಸುಳ್ಳನ್ನು ಇನ್ನಷ್ಟು ಸುಳ್ಳು ಮಾಡಿದೆನಲ್ಲ ಎಂದು ನನಗನ್ನಿಸಿತು.

ಮುಂದಿನ ಗೂಟ ಇದ್ದದ್ದು ಆ ಹಳೆಯ ಕಲ್ಲುಗಣಿಯ ಹತ್ತಿರ. ಕಡಿದ ಗುಡ್ಡದ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ಒಂದು ಪಟ್ಟೆ ಇಟ್ಟಿಗೆಗೂಡಿನಿಂದ ಈಗಷ್ಟೇ ತೆಗೆದಂತೆ ಕೆಂಪು, ಅದರ ಪಕ್ಕ ಕರಿ, ಮತ್ತೆ ಬೂದು, ಮತ್ತೆ ಕಂದು. ಕಾದ ಲಾವಾ ಹರಿದಾಗ ಕೆಳಗಿನ ಮಣ್ಣು ಸುಟ್ಟು ಕೆಂಪಾದದ್ದು ಎಂದು ಕಾಗದದಲ್ಲಿತ್ತು. ಮಾವ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ತಲೆಯನ್ನು ಎಡಕ್ಕೆ ವಾಲಿಸಿದರು. ಇನ್ನಷ್ಟು ವಾಲಿಸಿದರು. ಸಾಲದೆಂಬಂತೆ, ಕೋಟಿನ ಸಮೇತ ಹುಲ್ಲಿನ ಮೇಲೆ ಮಗ್ಗುಲಾಗಿ ಮಲಗಿಯೇಬಿಟ್ಟರು.

"ಅಯ್ಯ, ಏಳ್ರಿ! ಮಂದಿ ನೋಡತಾರ!"

"ನೋಡ್ಲಿ ಬಿಡು. ನೀನೂ ಬಾ ಇಲ್ಲೆ. ತಲಿ ವಾರೆ ಮಾಡಿ ನೋಡು. ಇದು ನನ್ನ ಬೋರ್ಡು! ನಾ ಬರೀತಿದ್ದ ಚಿತ್ರ! ನಡುವ ಸೀಳಿ ಇಟ್ಟಾರ, ಪದರಕ್ಕ ಪದರ! ನಿಂತಿದ್ರ ಇದರ ಹೊಟ್ಟಿ ಯಾರಿಗೆ ಕಾಣತಿತ್ತು?"

ನಾವು ಮೂವರೂ ತಲೆ ವಾಲಿಸಿದೆವು. ಅತ್ತೆ ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕು, ಆಮೇಲೆ ವಾಲಿಸಿದರು. ಓಡುತ್ತ ಬಂದ ಅಮೆರಿಕನ್ ಒಬ್ಬ ನಮ್ಮನ್ನು ನೋಡಿ ನಿಂತು, ತಾನೂ ತಲೆ ವಾಲಿಸಿ, ಏನು ಕಂಡನೋ, "ನೈಸ್" ಎಂದು ಹೇಳಿ ಓಡಿಹೋದ.

ಮಾವ ಎದ್ದು ಧೂಳು ಕೊಡವಿಕೊಂಡು ಕೋಟಿನ ಜೇಬಿಗೆ ಕೈ ಹಾಕಿದರು. ಹೊರಬಂದದ್ದು ಸೀಮೆಸುಣ್ಣದ ತುಂಡು! ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಏಳು ಸಮುದ್ರ ದಾಟಿ ಬಂದಿದ್ದರು. ಜೇಬಿನ ಸೀಮೆಸುಣ್ಣ ಮಾತ್ರ ಹಾಗೇ ಇತ್ತು. ನಾವು ನೋಡುನೋಡುತ್ತಿದ್ದಂತೆ ಕೈಗೆಟುಕುವ ಕೆಂಪು ಪಟ್ಟೆಯ ಮೇಲೆ ದುಂಡಗೆ ೧ ಎಂದು ಬರೆದು, ಕರಿಯದರ ಮೇಲೆ ೨ ಬರೆದರು.

"ಅಜ್ಜ! ನೋ! ಯು ಕಾಂಟ್ ರೈಟ್ ಆನ್ ಇಟ್!"

ಮಗಳು ಅಳುವ ಹಾಗಿದ್ದಳು. ಮಾವ ಬೆಚ್ಚಿ, ಕೈಯಲ್ಲಿನ ಸುಣ್ಣವನ್ನು ಯಾರದೋ ಎಂಬಂತೆ ನೋಡಿ, ಕರವಸ್ತ್ರ ತೆಗೆದು ಎರಡೂ ಅಂಕಿಗಳನ್ನು ಉಜ್ಜಿ ಉಜ್ಜಿ ಒರೆಸಿದರು. "ತಪ್ಪಾತವಾ. ಪಾಠ ಮುಗದ ಮ್ಯಾಲೆ ಮಾಸ್ತರ ಬೋರ್ಡ ಒರಸೇ ಹೋಗಬೇಕು" ಎಂದರು. ಹೊರಡುವಾಗ, ಶಾಲೆಯಲ್ಲಿ ತೋರಿಸಲೆಂದು ಕೆಂಪು ಕಲ್ಲಿನ ಚೂರೊಂದನ್ನು ಎತ್ತಿಕೊಂಡರು. ಅದನ್ನೂ ತೆಗೆದುಕೊಂಡು ಹೋಗುವ ಹಾಗಿಲ್ಲ ಎಂದು ಮಗಳು ಫಲಕ ತೋರಿಸಿದಳು. ಎಲ್ಲಿತ್ತೋ ಅಲ್ಲೇ, ಅದೇ ಮಗ್ಗುಲಿಗೆ, ಅಜ್ಜನ ಕೈಯಿಂದ ಇಡಿಸಿದಳು.

ಮಧ್ಯಾಹ್ನ ಶಾಬೋ ಎಂಬ ಕೆರೆಯ ದಡದಲ್ಲಿ ಬುತ್ತಿ ಬಿಚ್ಚಿ ಚಪಾತಿ, ಶೇಂಗಾ ಚಟ್ನಿ ತಿಂದು, ಬ್ಯಾಟರಿಯ ಮೋಟರಿನ ಸಣ್ಣ ದೋಣಿಯೊಂದನ್ನು ಬಾಡಿಗೆಗೆ ಹಿಡಿದೆವು. ಕುಡಿಯುವ ನೀರಿಗೆಂದು ಕಟ್ಟಿದ ಕೆರೆ. ನೀರಿಗೆ ಇಳಿಯುವಂತಿಲ್ಲ ಎಂದು ಮೊದಲೇ ಹೇಳಿದರು. ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ಅತ್ತೆ ದೋಣಿಯ ಮುಂದಿನ ಹಲಗೆಯ ಮೇಲೆ ಕೂತು, "ಹೂಂ, ನಡೀಲಿ" ಎಂದು ನನಗೆ ಅಪ್ಪಣೆ ಕೊಟ್ಟರು.

ಮೋಟರು ಸದ್ದೇ ಮಾಡುತ್ತಿರಲಿಲ್ಲ. ಕರಿ ಮೈ, ಹಣೆಯ ಮೇಲೆ ಬಿಳಿ ಪಟ್ಟೆ ಇದ್ದ ನೀರುಕೋಳಿಗಳ ಹಿಂಡೊಂದು ನಮ್ಮ ಪಕ್ಕದಲ್ಲೇ ಈಜುತ್ತ ಬಂತು. "ಏನ್ರಿ, ಇವು ಗಂಧ ಹಚ್ಚಿಕೊಂಡು ಪೂಜಾ ಮುಗಿಸೇ ಬಂದಾವ!" ಎಂದರು ಅತ್ತೆ. ಕಾಳು ಹಾಕಬಾರದೆಂಬ ಫಲಕವನ್ನು ಮಗಳು ಅವರಿಗೆ ಮೊದಲೇ ಓದಿ ಹೇಳಿದ್ದಳು. ಸೆರಗಿನ ಗಂಟಿನಲ್ಲಿದ್ದ ಚುರುಮುರಿ ಗಂಟಿನಲ್ಲೇ ಉಳಿಯಿತು. ಬೋಳು ಕೊಂಬೆಯ ಮೇಲೆ ನೀರುಕಾಗೆಯೊಂದು ರೆಕ್ಕೆ ಹರವಿ, ಅಂಗಿ ಒಣಹಾಕಿದಂತೆ ನಿಂತಿತ್ತು. ನೀರಲ್ಲೇ ಬದುಕುವ ಹಕ್ಕಿಗೆ ರೆಕ್ಕೆ ಯಾಕೆ ನೆನೆಯಬೇಕು, ನೆನೆದದ್ದನ್ನು ಯಾಕೆ ಒಣಗಿಸಬೇಕು ಎಂದು ಮಾವ ಬಹಳ ಹೊತ್ತು ಯೋಚಿಸಿದರು. ಬಿದ್ದ ಮರದ ದಿಮ್ಮಿಯ ಮೇಲೆ ಆಮೆಗಳು ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಕತ್ತು ಚಾಚಿ ಬಿಸಿಲು ಕಾಯಿಸುತ್ತಿದ್ದವು. ಮಾವ ಹಾಜರಿ ಕೂಗಿದರು. ಆರನೆಯದು ಪುಳಕ್ಕನೆ ನೀರಿಗೆ ಜಾರಿತು. "ಗೈರುಹಾಜರ!" ಎಂದರು. ಮಗಳು ನಕ್ಕು ನಕ್ಕು ದೋಣಿ ಅಲುಗಾಡಿಸಿದಳು. ನಾನು ಬೆಳಿಗ್ಗೆಯಿಂದ ಎಲ್ಲದರ ಫೋಟೋ ತೆಗೆಯುತ್ತಲೇ ಇದ್ದೆ. ಕ್ಯಾಮೆರಾಕ್ಕೆ ರೀಲೇ ಹಾಕಿಲ್ಲವೆಂದು ಗೊತ್ತಾದದ್ದು ಮನೆಗೆ ಬಂದ ಮೇಲೆ.

ಜೊಂಡಿನ ಹತ್ತಿರ ಉದ್ದ ಕಾಲಿನ ದೊಡ್ಡ ಬೂದು ಕೊಕ್ಕರೆಯೊಂದು ಅಲುಗಾಡದೆ ನಿಂತಿತ್ತು. ಮೋಟರು ನಿಲ್ಲಿಸಿದೆ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ಮಗಳು ಪಿಸುಗುಟ್ಟಿದಳು: "ಅಜ್ಜ, ಆ ಬೆಂಕಿದು... ಬೂಟು ಸುಟ್ಟಿದ್ದು... ಡಿಡ್ ಯು ರಿಯಲಿ ಸೀ ಇಟ್?"

ಹಿಂದಿನ ಬೆಂಚಿನ ಹುಡುಗ ಕೇಳಿದ್ದನ್ನೇ ಅವಳೂ ಕೇಳಿದ್ದಳು. ನಾನು ಮಾವನ ಮುಖ ನೋಡಲಿಲ್ಲ, ಕೊಕ್ಕರೆಯನ್ನೇ ನೋಡಿದೆ.

"ಇಲ್ಲವಾ" ಎಂದರು ಮಾವ. "ನೋಡಿಲ್ಲ. ನೋಡೀನಿ ಅಂತ ಸುಳ್ಳು ಹೇಳಿದ್ದೆ. ನಾ ನೋಡಿದ್ದು ಇವತ್ತಿಂದು ಒಂದಽ."

ಕೊಕ್ಕರೆ ಸಟಕ್ಕನೆ ಕತ್ತು ಚಾಚಿ ಮೀನು ಹಿಡಿಯಿತು. ಅತ್ತೆ ಹಿಂದೆ ತಿರುಗದೆಯೇ ಹೇಳಿದರು: "ನನಗ ಗೊತ್ತಿತ್ತು."

"ಏನು ಗೊತ್ತಿತ್ತು ನಿನಗ?"

"ಮದುವ್ಯಾಗ ನಮ್ಮಪ್ಪ ನಿಮಗ ಬೂಟು ಕೊಡಿಸಿದ್ರಲ್ಲ, ಲೇಸು ಕಟ್ಟಲಿಕ್ಕೆ ಬರಲಾರದ ಒಂದು ತಾಸು ಮಂಟಪಕ್ಕ ಬರಲಿಲ್ಲ ನೀವು. ಕಡೀಕ ನಮ್ಮಣ್ಣ ಬಂದು ಕಟ್ಟಿದ. ಅದಕ್ಕ ಮೊದಲ ಜ್ವಾಲಾಮುಖಿ ಮ್ಯಾಲ ಯಾವ ಬೂಟು ಸುಟ್ಟುಕೊಂಡಿದ್ರಿ?"

"ಇಷ್ಟು ವರ್ಷ ಯಾಕ ಹೇಳಲಿಲ್ಲ ಮತ್ತ?"

"ಹುಡುಗೂರು ಬಾಯಿ ತಕ್ಕೊಂಡು ಕೇಳತಿದ್ರು. ನಾನೂ ಕೇಳತಿದ್ದೆ. ಛಲೋ ಇತ್ತು ಕತಿ."

ಬುಧವಾರ ಅತ್ತೆ ಮಾವ ಊರಿಗೆ ಹೊರಟರು. ಎರಡು ತಿಂಗಳಾದ ಮೇಲೆ ಮಾವನ ಕಾಗದ ಬಂತು. ಶಾಲೆಗೆ ಹೋಗಿದ್ದರಂತೆ. ಮೊದಲು ನಿಂತ ಜ್ವಾಲಾಮುಖಿ ಬರೆದು, ಇದನ್ನು ನಾನು ನೋಡಿಲ್ಲ, ಇಷ್ಟು ವರ್ಷ ಹೇಳಿದ್ದು ಸುಳ್ಳು ಎಂದರಂತೆ. ಹೆಡ್‌ಮಾಸ್ತರ ತಲೆ ತಗ್ಗಿಸಿಕೊಂಡು ನಕ್ಕನಂತೆ. ಆಮೇಲೆ ಅದನ್ನು ಒರೆಸಿ ಮಲಗಿದ್ದನ್ನು ಬರೆದು, ಅಂಕಿ ಹಾಕಿ, ಎಲ್ಲರಿಗೂ ತಲೆ ವಾರೆ ಮಾಡಿ ನೋಡಲು ಹೇಳಿದರು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ, ಇದನ್ನರ ಖರೇನ ನೋಡೀರೇನ್ರಿ?" ಎಂದು ಕೇಳಿದಳಂತೆ. ತೋರಿಸಲು ಕಲ್ಲೂ ಇರಲಿಲ್ಲ, ಫೋಟೋವೂ ಇರಲಿಲ್ಲ. ನೋಡೀನಿ ಎಂದರೆ ಯಾರೂ ನಂಬಲಿಲ್ಲ ಎಂದು ಮಾವ ಬರೆದಿದ್ದರು.

ಕಾಗದವನ್ನು ನಾನು ಗಟ್ಟಿಯಾಗಿ ಓದಿದೆ. ಮಗಳು ಕೇಳಿಸಿಕೊಂಡು ಎದ್ದುಹೋದಳು. ತನ್ನ ನೋಟ್‌ಬುಕ್ಕಿನಿಂದ ಹಾಳೆಯೊಂದನ್ನು ಹರಿದು ತಂದು, ಅಜ್ಜ ಹೋಗುವ ಮುಂಚೆ ತಿದ್ದಿಸಿದ್ದ ಕನ್ನಡ ಅಕ್ಷರಗಳಲ್ಲಿ, ಒಂದೊಂದನ್ನೂ ನನ್ನನ್ನು ಕೇಳಿ ಕೇಳಿ, ಎರಡು ಸಾಲು ಬರೆದಳು: "ಅಜ್ಜ ನೋಡಿದ್ದಾರೆ. ನಾನೂ ಇದ್ದೆ." ಕೆಳಗೆ ತನ್ನ ಹೆಸರು, ಕ್ಲಾಸು ಬರೆದಳು. ಲಕೋಟೆಯ ಮೇಲೆ ಮಾವನ ಶಾಲೆಯ ವಿಳಾಸ ನಾನು ಬರೆದೆ. ಸೋಮವಾರ ಅವಳನ್ನು ಶಾಲೆಗೆ ಬಿಡುವ ದಾರಿಯಲ್ಲಿ ಅದನ್ನು ಪೋಸ್ಟ್ ಮಾಡಿದೆವು.