ಬಟ್ಟೆಯಲ್ಲ, ಸೋಗು

ಆಂಧ್ರದ ಗಡಿಯಲ್ಲಿರುವ ನಮ್ಮ ಕನ್ನಡ ಶಾಲೆಯ ಒಂದನೆಯ ತರಗತಿಗೆ ಮೊನ್ನೆ ಫೋಮ್ ಚಾಪೆಗಳು ಬಂದವು. ಒಂದರ ಹಲ್ಲಿಗೆ ಇನ್ನೊಂದರ ಹಲ್ಲು ಕೂಡಿಸಿ ನೆಲಕ್ಕೆ ಹಾಸುವಂಥವು. ಕಟ್ಟು ಬಿಚ್ಚಿದ ಕೂಡಲೇ ಹೊಸ ರಬ್ಬರಿನ ವಾಸನೆ ಕೋಣೆ ತುಂಬಿತು. ಮಕ್ಕಳು ಕುಣಿದಾಡಿದರು. ನಾನು ಸೀಮೆಸುಣ್ಣ ತರುವ ನೆಪ ಹೂಡಿ ಹೊರಗೆ ಬಂದು, ಕೋಸಗಿ ಸ್ಟೇಷನ್ನಿನ ಕಡೆ ಮುಖ ಮಾಡಿ ನಿಂತುಕೊಂಡೆ. ಐವತ್ತಕ್ಕೆ ಬಂದ ಕನ್ನಡ ಟೀಚರು ಚಾಪೆಯ ವಾಸನೆಗೆ ಅಳುತ್ತಾಳೆಂದರೆ ನಿಮಗೆ ನಗು ಬಂದೀತು. ಆದರೆ ನಾನು ಅಂಥದೇ ಚಾಪೆಯನ್ನು ಮೈಮೇಲೆ ಹಾಕಿಕೊಂಡು ಆದೋನಿಯಲ್ಲಿ ವೇದಿಕೆ ಹತ್ತಿದವಳು. ಅದನ್ನಷ್ಟು ಕೇಳಿಬಿಡಿ, ಆಮೇಲೆ ನಗುವಿರಂತೆ.

ಆ ಚಾಪೆಗಳನ್ನು ಕತ್ತರಿಸಿ ಕವಚ ಮಾಡಿದವಳು ನನ್ನ ಅಕ್ಕನ ಮಗಳು ಈರಮ್ಮ. ಅಕ್ಕನಿಗೆ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಉರುಕುಂದದ ಈರಣ್ಣನಿಗೆ ಬೇಡಿಕೊಂಡ ಮೇಲೆ ಹುಟ್ಟಿದವಳಾದ್ದರಿಂದ ಅವನ ಹೆಸರನ್ನೇ ಇಟ್ಟರು. ಕಾಲೇಜು ಸೇರಿದ ಮೇಲೆ ಅವಳಿಗೆ ಅದು ಮುದುಕಿಯ ಹೆಸರೆನಿಸಿ, ಅಲ್ಲಿಷ್ಟು ಇಲ್ಲಿಷ್ಟು ಕೊಯ್ದು ‘ಇರಾ’ ಎಂದು ಮಾಡಿಕೊಂಡಳು. ಅಕ್ಕ ಮಾತ್ರ ಒಂದು ದಿನವೂ ಹಾಗೆ ಕರೆಯಲಿಲ್ಲ.

ಈರಮ್ಮ ಹಗಲೂ ರಾತ್ರಿ ಫೋನಿನಲ್ಲಿ ಜಪಾನಿನ ಕಾರ್ಟೂನು ನೋಡುತ್ತಿದ್ದಳು. ಅದಕ್ಕೆ ‘ಅನಿಮೆ’ ಅನ್ನುತ್ತಾರಂತೆ. ನನ್ನ ಕಿವಿಗೆ ಅದು ‘ಅನಿಮಿಷ’ ಎಂದು ಬಿತ್ತು. ಟೀಚರ ಬಾಯಿ ಸುಮ್ಮನಿರುತ್ತದೆಯೇ? ಅನಿಮಿಷರೆಂದರೆ ರೆಪ್ಪೆ ಬಡಿಯದವರು, ದೇವತೆಗಳು ಎಂದು ಪಾಠ ಶುರುಮಾಡಿದೆ. ಅವಳು ಬಿದ್ದು ಬಿದ್ದು ನಕ್ಕು, ಫೋನು ನನ್ನ ಮುಂದೆ ಹಿಡಿದಳು. ಆ ಗೊಂಬೆಗಳಿಗೆ ಅರ್ಧ ಮುಖವೆಲ್ಲ ಕಣ್ಣೇ.

“ನೀ ಅಂದಿದ್ದೂ ಖರೇನ ಐತಿ ಸಣ್ಣಮ್ಮ. ಇವು ರೆಪ್ಪಿ ಬಡಿಯಂಗಿಲ್ಲ ನೋಡು” ಎಂದಳು. ಅಂದಿನಿಂದ ನಮ್ಮಿಬ್ಬರ ನಡುವೆ ಅದು ಅನಿಮಿಷವೇ ಆಯಿತು.

ಆ ಕಾರ್ಟೂನಿನ ಪಾತ್ರಗಳಂತೆ ವೇಷ ತೊಟ್ಟು ಹುಡುಗ ಹುಡುಗಿಯರು ಒಂದು ಕಡೆ ಸೇರುವ ಸಮ್ಮೇಳನವಿರುತ್ತದೆಂದೂ, ಆದೋನಿಯಲ್ಲಿ ಮೊದಲ ಸಲ ನಡೆಯುತ್ತದೆಂದೂ ಅವಳೇ ಹೇಳಿದ್ದು. ಆರು ತಿಂಗಳು ಮುಂಚೆಯೇ ಹೆಸರು ಕೊಟ್ಟು, ಮಾಳಿಗೆಯ ಮೇಲೆ ಕೂತು ಒಬ್ಬ ಹೆಣ್ಣು ಯೋಧೆಯ ಕವಚ ಮಾಡತೊಡಗಿದಳು. ಫೋಮನ್ನು ಕೊಯ್ದು, ಬಿಸಿ ಮಾಡಿ ಬಗ್ಗಿಸಿ, ಅಂಟಿಸಿ, ತಾಮ್ರದ ಬಣ್ಣ ಹಚ್ಚಿದಳು. ಭುಜಕ್ಕೆ ರೆಕ್ಕೆಯಂಥ ಹಲಗೆಗಳು, ಎದೆಗೆ ಕವಚ, ಕೈಗೆ ಪ್ಲಾಸ್ಟಿಕ್ ಕೊಳವೆಯ ಕತ್ತಿ, ಬೆನ್ನಿಗೆ ಅಕ್ಕನ ಹಳೆಯ ಇಳಕಲ್ ಸೀರೆಯ ಮೇಲುಹೊದಿಕೆ. ಜಪಾನಿನ ಯೋಧೆಗೆ ಇಳಕಲ್ ಸೆರಗು! ನಾನು ಕೆಣಕಿದರೆ, “ಆಕಿ ನಮ್ಮ ಕಡೀಕಿ ಅದಾಳ ಅನ್ಕೋ” ಎಂದಳು.

ಭಾವನಿಗೆ ಇದು ಹಿಡಿಸಲಿಲ್ಲ. ಅವರು ಹತ್ತಿ ಮಾರ್ಕೆಟ್ಟಿನಲ್ಲಿ ಗುಮಾಸ್ತರು, ಮಾತು ಕಡಿಮೆ. ನಮ್ಮ ಕಡೆ ಸೋಗು ಹಾಕುವುದು ಪೀರಲ ಹಬ್ಬದಲ್ಲಿ, ಅಂದರೆ ಮೊಹರಮ್ಮಿನಲ್ಲಿ, ಅದೂ ಹರಕೆ ಹೊತ್ತವರು. “ಇಕಿ ಯಾವ ಹರಕಿಗೆ ಹಾಕ್ತಾಳಂತ?” ಎಂದು ಅಕ್ಕನನ್ನು ಕೇಳಿ, ಚಪ್ಪಲಿ ಮೆಟ್ಟಿ ಹೊರಟುಹೋಗುತ್ತಿದ್ದರು. ಮಾಳಿಗೆ ಹತ್ತಿ ನೋಡಿದವರಲ್ಲ.

ಸಮ್ಮೇಳನಕ್ಕೆ ಮುಂಚೆಯೇ ಈರಮ್ಮನಿಗೆ ಜ್ವರ ಬಂತು. ಆಸ್ಪತ್ರೆಗೆ ತನ್ನ ಕಾಲಮೇಲೆ ನಡೆದು ಹೋದವಳು ಮನೆಗೆ ನಡೆದು ಬರಲಿಲ್ಲ. ಇದನ್ನು ಇದಕ್ಕಿಂತ ಉದ್ದವಾಗಿ ಹೇಳಲು ನನ್ನಿಂದ ಆಗುವುದಿಲ್ಲ, ಮನ್ನಿಸಿ.

ನಮ್ಮ ಮನೆಯಲ್ಲಿ ಹೋದವರ ಬಟ್ಟೆಯನ್ನು ಇಟ್ಟುಕೊಳ್ಳುವುದಿಲ್ಲ. ದಿನದ ಕಾರ್ಯ ಮುಗಿದ ಮೇಲೆ ಗಂಟು ಕಟ್ಟಿ, ನಾಗಲದಿನ್ನೆಗೆ ಒಯ್ದು ತುಂಗಭದ್ರೆಗೆ ಬಿಡುತ್ತಾರೆ. ಚೂಡಿದಾರಗಳು, ಶಾಲೆಯ ಕಾಲದ ಲಂಗ, ಎಲ್ಲ ಹೋದವು. ಸೋಗನ್ನು ಮಾತ್ರ ಅಕ್ಕ ಅಟ್ಟದ ಮೇಲೆ ಬಚ್ಚಿಟ್ಟಿದ್ದಳು. ಭಾವನಿಗೆ ಗೊತ್ತಾದಾಗ ಮನೆಯಲ್ಲಿ ಒಂದು ವಿಚಿತ್ರ ವ್ಯಾಜ್ಯ ಹುಟ್ಟಿತು.

“ಮೈಮ್ಯಾಲೆ ಹಾಕ್ಕೊಂಡಿದ್ದೆಲ್ಲ ಬಟ್ಟೀನ. ಮನ್ಯಾಗ ಇಟ್ರ ಹುಡುಗಿ ಜೀವ ಇಲ್ಲೇ ಸುತ್ತತೈತಿ” ಎಂದರು ಭಾವ.

“ಅದು ಬಟ್ಟಿ ಅಲ್ಲ, ಸೋಗು” ಎಂದಳು ಅಕ್ಕ. “ಇನ್ನಾ ಒಮ್ಮೀನೂ ಮಂದ್ಯಾಗ ಹಾಕಿಲ್ಲ ಆಕಿ. ಹಾಕಲಾರದ್ದು ಹ್ಯಾಂಗ ಆಕಿ ಬಟ್ಟಿ ಆಗ್ತೈತಿ?”

ತೀರ್ಪಿಗೆಂದು ಇಬ್ಬರೂ ನನ್ನ ಕಡೆ ತಿರುಗಿದರು, ಕನ್ನಡ ಓದಿದವಳೆಂದು. ಬಟ್ಟೆ, ವಸ್ತ್ರ, ಉಡುಪು, ವೇಷ, ಸೋಗು: ಮಕ್ಕಳಿಗೆ ಇವೆಲ್ಲವನ್ನೂ ಸಮಾನಾರ್ಥಕವೆಂದು ಬರೆಸಿ ಅಂಕ ಕೊಟ್ಟವಳು ನಾನು. ಅವತ್ತು ಎದ್ದು ಒಳಗೆ ಹೋಗಿ ಒಲೆಯ ಮೇಲೆ ಚಹಕ್ಕಿಟ್ಟೆ.

ಅಷ್ಟರಲ್ಲಿ ಈರಮ್ಮನ ಫೋನಿಗೆ ಸಂದೇಶ ಬಂತು. ಆ ಫೋನನ್ನು ಅಕ್ಕ ದಿನಾ ಚಾರ್ಜಿಗೆ ಹಾಕುತ್ತಿದ್ದಳು. ಭಾನುವಾರ ಸಮ್ಮೇಳನ, ಇರಾ ತಪ್ಪದೆ ಬರಬೇಕು ಎಂದಿತ್ತು. ಅಕ್ಕ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನೀನೂ ಆಕಿ ಎತ್ತರಾನ ಅದಿ” ಎಂದಳು. “ಒಮ್ಮೆ ನೋಡಿಬಿಡ್ತೀನಿ. ಸೋಗು ಅಲ್ಲಿ ವೇದಿಕಿ ಹತ್ತಿ ಇಳೀಲಿ. ಆಮ್ಯಾಲೆ ಅವರು ಎಲ್ಲಿಗೆ ಬೇಕಂದ್ರ ಅಲ್ಲಿಗೆ ಒಯ್ಯಲಿ.”

ಭಾವ ಬೇಡವೆನ್ನಲಿಲ್ಲ. “ಮರುದಿನ ಮುಂಜಾನಿ ನಾಗಲದಿನ್ನಿಗೆ” ಎಂದಷ್ಟೇ ಹೇಳಿದರು.

ಹೀಗೆ ನಾನು ಯೋಧೆಯಾದೆ. ಎತ್ತರ ಸರಿಹೋಯಿತು, ಅಗಲದ ಮಾತು ಬೇಡ. ಪಕ್ಕದ ಪಟ್ಟಿಗಳನ್ನು ಅಕ್ಕ ಲಂಗದ ನಾಡಾದಿಂದ ಬಿಗಿದಳು. ನೇರಳೆ ಬಣ್ಣದ ಕೂದಲಿನ ಟೋಪನ್, ಅದರ ಕೆಳಗೆ ನನ್ನ ಚಾಳೀಸು. ಆಟೋದವನು ಕನ್ನಡಿಯಲ್ಲಿ ನೋಡಿ ನೋಡಿ ತಾಳಲಾರದೆ, “ಪೀರ್ಲ ಹಬ್ಬ ಆಗಿಹೋತಲ್ಲಮ್ಮ, ಇದ್ಯಾವ ಹರಕಿ?” ಎಂದ. ನಾನು ಏನೋ ತಮಾಷೆ ಹೇಳಲು ಹೊರಟಿದ್ದೆ. ಅಕ್ಕ ಅಡ್ಡ ಬಾಯಿ ಹಾಕಿ, “ಮಗಳ ಹರಕಿಯಪ್ಪ” ಎಂದಳು. ಅವನು ಕನ್ನಡಿಯನ್ನು ಬೇರೆ ಕಡೆ ತಿರುಗಿಸಿದ.

ಸಮ್ಮೇಳನವಿದ್ದದ್ದು ಮದುವೆ ಮಾಡುವ, ಮಹಡಿಯ ಮೇಲಿನ ಫಂಕ್ಷನ್ ಹಾಲಿನಲ್ಲಿ. ಹಿಂದಿನ ದಿನದ ಮದುವೆಯ ಚೆಂಡುಹೂ ಇನ್ನೂ ತೂಗುತ್ತಿತ್ತು. ಹಾಲಿನ ತುಂಬ ಕುರ್ಚಿ ಹಾಕಿದ್ದರು. ಕೂತವರು ಹನ್ನೆರಡು ಮಂದಿ ಇದ್ದಾರು, ಅದರಲ್ಲಿ ವೇಷ ಹಾಕಿದವರೇ ಹೆಚ್ಚು. ಒಬ್ಬರು ವೇದಿಕೆ ಹತ್ತಿದರೆ ಉಳಿದವರು ಚಪ್ಪಾಳೆ ಹೊಡೆದು, ತಮ್ಮ ಸರದಿಗೆ ಎದ್ದು ಹೋಗುವುದು. ಒಬ್ಬ ಹುಡುಗಿ ನರಿಯ ಬಾಲ ಕಟ್ಟಿಕೊಂಡು ತೊಡೆಯ ಮೇಲೆ ಟಿಫನ್ ಡಬ್ಬಿ ಇಟ್ಟುಕೊಂಡಿದ್ದಳು. ಫ್ಯಾನಿನ ಸದ್ದಿನಲ್ಲಿ ಚಪ್ಪಾಳೆ ಕೇಳುತ್ತಲೇ ಇರಲಿಲ್ಲ. ನನ್ನ ಅವತಾರಕ್ಕೆ ನಗಬಾರದೆಂದು ಆ ಮಕ್ಕಳು ಪಟ್ಟ ಕಷ್ಟ ನೋಡಿ ನನಗೇ ಅವರ ಮೇಲೆ ಕನಿಕರ ಬಂತು. ನಮ್ಮ ಹಿಂದೆ ಬಂದಿದ್ದ ಭಾವ ಮೇಲೆ ಬರಲಿಲ್ಲ, ಕೆಳಗೆ ಚಹದಂಗಡಿಯಲ್ಲಿ ಉಳಿದರು.

ಮೈಕು ಹಿಡಿದ ಹುಡುಗ ಕೂಗಿದ. “ಇರಾ! ಇರಾ ವಚ್ಚಾರಾ? ಇರಾ ಬಂದಾರೇನ್ರಿ?”

ಅವನಿಗೆ ಏನೂ ತಿಳಿದಿರಲಿಲ್ಲ. ಫೋನಿನಲ್ಲಷ್ಟೇ ಪರಿಚಯವಂತೆ. ನಾನು ಏಳಬೇಕಿತ್ತು, ಟೋಪನ್ ಸರಿಮಾಡಿಕೊಳ್ಳುತ್ತ ಕೂತೇ ಇದ್ದೆ. ಅವನು ಇನ್ನೊಮ್ಮೆ ಕೂಗಿದಾಗ ಅಕ್ಕ ಖಾಲಿ ಕುರ್ಚಿಗಳ ನಡುವೆ ಎದ್ದು ನಿಂತಳು.

“ಈರಮ್ಮ ಅನ್ರಿ” ಎಂದಳು. “ಅದಾಳ. ಬರ್ತಾಳ.”

ಹೇಗೆ ಹತ್ತಿದೆನೋ ಗೊತ್ತಿಲ್ಲ. ವೇದಿಕೆಯ ಮೇಲೆ ಕೊಳವೆಯ ಕತ್ತಿಯನ್ನು ಊರುಗೋಲಿನಂತೆ ಹಿಡಿದು ನಿಂತೆ. ಹುಡುಗ ಮೈಕನ್ನು ಬದಿಗೆ ಸರಿಸಿ, “ಮೇಡಂ, ಇರಾ ಮೀರೇನಾ? ಇರಾ ನೀವೇನಾ?” ಎಂದು ಮೆಲ್ಲಗೆ ಕೇಳಿದ. ತಲೆಯಾಡಿಸಿದೆ, ಹೌದೆಂದೋ ಅಲ್ಲವೆಂದೋ ನನಗೇ ತಿಳಿಯದು. ಅಕ್ಕ ನನ್ನನ್ನು ನೋಡುತ್ತಿದ್ದಳು, ರೆಪ್ಪೆ ಬಡಿಯದೆ. ಬಾಗಿಲಲ್ಲಿ ಭಾವ ನಿಂತಿದ್ದರು. ಯಾವಾಗ ಮೆಟ್ಟಿಲು ಹತ್ತಿ ಬಂದರೋ.

ಇಳಿದು, ವಧುವಿನ ಕೋಣೆಗೆ ಹೋಗಿ ಎಲ್ಲ ಬಿಚ್ಚಿಟ್ಟು, ಸೀರೆ ಉಟ್ಟು ಹೊರಗೆ ಬಂದೆ. ಅಕ್ಕ ಎದುರಿಗೇ ನಿಂತಿದ್ದಳು. ನಾನು ಬಂದದ್ದನ್ನು ಕಂಡರೂ ಅವಳ ಕಣ್ಣು ನನ್ನ ಹಿಂದಿನ ಬಾಗಿಲಿನ ಮೇಲೇ ಇತ್ತು. ಇನ್ನೊಬ್ಬಳು ಬರಬೇಕಿದೆ ಎಂಬಂತೆ ಕಾದಳು. ಆ ಹೊತ್ತು ನನಗಾದ ಸಂಕಟ ಈರಮ್ಮನನ್ನು ಮಣ್ಣು ಮಾಡಿದ ದಿನವೂ ಆಗಿರಲಿಲ್ಲ.

ಮರುದಿನ ನಾಗಲದಿನ್ನೆ. ಹೊಳೆ ತುಂಬಿಯೂ ಇರಲಿಲ್ಲ, ಬತ್ತಿಯೂ ಇರಲಿಲ್ಲ. ಭಾವ ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದರು. ಮೊದಲು ಇಳಕಲ್ ಸೆರಗು ಬಿಟ್ಟರು. ಅದು ನೀರು ಕುಡಿದು, ಮಗ್ಗುಲಾಗಿ ಮುಳುಗಿತು. ಆಮೇಲೆ ಕವಚ.

ಅದು ಮುಳುಗಲಿಲ್ಲ.

ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬಟ್ಟೆ ನೀರಿಗೆ ಬಿಟ್ಟರೆ ಮುಳುಗುತ್ತದೆ, ಇಷ್ಟೇ ನಮಗೆ ಗೊತ್ತಿದ್ದದ್ದು. ಫೋಮು ತೇಲುವ ವಸ್ತು. ಭಾವ ಅಂಗೈಯಿಂದ ಅದುಮಿದರು. ಕೈ ತೆಗೆದ ಕೂಡಲೇ ತಾಮ್ರದ ಬಣ್ಣದ ಭುಜ ಪುಟಿದು ಮೇಲೆದ್ದಿತು. ಇನ್ನೊಮ್ಮೆ ಅದುಮಿದರು, ಇನ್ನೊಮ್ಮೆ ಎದ್ದಿತು. ಮೂರನೆಯ ಸಲ ಅವರ ಕೈ ಅದುಮಲಿಲ್ಲ, ಹಾಗೇ ಆ ಭುಜದ ಮೇಲೆ ಇತ್ತು.

“ಬಿಡ್ರಿ, ಹೋಗ್ಲಿ” ಎಂದಳು ಅಕ್ಕ ದಂಡೆಯಿಂದ.

ಬಿಟ್ಟರು. ಅದು ಬೆನ್ನ ಮೇಲೆ ಮಲಗಿದ ಹಾಗೆ, ಅವಸರವಿಲ್ಲದೆ ಹೊರಟಿತು. ಭಾವನೂ ದಂಡೆಗುಂಟ ಅದರ ಜೊತೆಗೇ ನಡೆದರು. ಅದು ಕಲ್ಲಿಗೆ ತಾಗಿ ನಿಂತರೆ ಇವರೂ ನಿಲ್ಲುವುದು, ಹೊರಟರೆ ಇವರೂ ಹೊರಡುವುದು. ಹೊಳೆಯ ತಿರುವಿನವರೆಗೆ ಹೋಗಿ, ಬಹಳ ಹೊತ್ತಿನ ಮೇಲೆ ತಿರುಗಿ ಬಂದರು. ತೊಯ್ದ ಪಂಚೆ ಕಾಲಿಗೆ ಸುತ್ತಿಕೊಂಡಿತ್ತು. ಅಕ್ಕನ ಮುಂದೆ ನಿಂತು, ಅಪರಾಧಿಯ ಹಾಗೆ ತಲೆ ಬಗ್ಗಿಸಿ ಹೇಳಿದರು:

“ಕಲ್ಲಿಗೆ ಎಷ್ಟು ಬಡೀತು ನೋಡು. ಒಂದು ಅಂಟೂ ಬಿಚ್ಚಲಿಲ್ಲ. ಏನ್ ಗಟ್ಟಿ ಮಾಡ್ಯಾಳ ಹುಡುಗಿ.”

ಅಕ್ಕ ಆಗ ಅತ್ತಳು. ನಾವು ಮೂವರೂ ಅತ್ತೆವು, ಮರಳಿನ ಮೇಲೆ ಕೂತು.

ಚಾಪೆ ಬಂದ ದಿನ ಶಾಲೆ ಬಿಟ್ಟ ಮೇಲೆ ನಾನು ನನ್ನ ಮನೆಗೆ ಹೋಗದೆ ಅಕ್ಕನ ಮನೆಗೆ ಹೋದೆ. ಭಾವ ಜಗಲಿಯಲ್ಲಿ ಕೂತು ಫೋನು ನೋಡುತ್ತಿದ್ದರು. ಅದು ಈರಮ್ಮನ ಫೋನು. ಈಗ ಅದನ್ನು ಚಾರ್ಜಿಗೆ ಹಾಕುವವರು ಅವರೇ. ನನಗೆ ಕೂರಲು ಜಾಗ ಮಾಡಿಕೊಟ್ಟು, ತೆರೆಯನ್ನು ನನ್ನ ಕಡೆ ತಿರುಗಿಸಿದರು. ಈ ವರ್ಷವೂ ಸಮ್ಮೇಳನವಂತೆ, ಅದೇ ಹಾಲಿನಲ್ಲಿ.

“ನಾನು ಇನ್ನೊಮ್ಮೆ ಸೋಗು ಹಾಕಂಗಿಲ್ರಿ ಭಾವ” ಎಂದೆ, ನಗಿಸಲೆಂದು.

ಅವರು ನಗಲಿಲ್ಲ. “ನೀ ಹಾಕೋದು ಬ್ಯಾಡವ್ವ. ನಾವು ಮೂರೂ ಮಂದಿ ಹೋಗಿ ಕುರ್ಚಿ ಮ್ಯಾಲೆ ಕುಂದ್ರೂಣು” ಎಂದರು. “ಯಾರ ಮಕ್ಕಳೋ ಏನೋ, ತಿಂಗಳಾನಗಟ್ಲೆ ಕುಂತು ಮಾಡ್ಕೊಂಡು ಬಂದಿರ್ತಾವ. ನೋಡಾಕ ಮಂದಿ ಇರಬೇಕಲ್ಲ.”